ಬಿಸಿಯಾದರೆ ಆಫ್ ಆಗುವ ಹಳೇ ಪಿಕಪ್: ಡೀಸೆಲ್ ಪಂಪ್ ಬಿಚ್ಚಿಸುವ ಮೊದಲು

ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಕುಶಾಲನಗರದವರೆಗೆ ಸಲೀಸಾಗಿ ಓಡುತ್ತದೆ. ವಾಪಸ್ ಬರುವಾಗ ಸುಂಟಿಕೊಪ್ಪ ದಾಟಿ ಮಡಿಕೇರಿಯ ಏರು ಹತ್ತುತ್ತಿದ್ದಂತೆ ಎಳೆತ ಕಮ್ಮಿಯಾಗಿ ಆಫ್. ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮೆಕ್ಯಾನಿಕಲ್ ಡೀಸೆಲ್ ಪಂಪ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಇರುವ ಹಳೇ ಪಿಕಪ್‌ಗಳಲ್ಲಿ, ಅಂದರೆ ಮಹೀಂದ್ರಾದ 2523 ಸಿಸಿ ಡಿಐ ಎಂಜಿನ್ನಿನವು, ಟಾಟಾ 207 ಡಿಐ ತರಹದವುಗಳಲ್ಲಿ, ಈ ದೂರು ಮಾಮೂಲಿ. ಗಾಡಿ ವರ್ಕ್‌ಶಾಪಿಗೆ ತಲುಪುವಷ್ಟರಲ್ಲಿ ತಣ್ಣಗಾಗಿರುತ್ತದೆ, ತೊಂದರೆ ಕಾಣುವುದೇ ಇಲ್ಲ. ಕೊನೆಗೆ 'ಪಂಪ್ ಹೋಗಿರಬೇಕು' ಎಂದು ಪಂಪ್ ಬಿಚ್ಚುತ್ತಾರೆ. ಅದು ಅತಿ ದುಬಾರಿ ಊಹೆ, ಬಹಳ ಸಲ ತಪ್ಪು ಊಹೆ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದೇ. ಗಾಡಿ ನಿಂತದ್ದು ಬಿಸಿಯಿಂದಲೋ, ಅಥವಾ ಬರೀ ಇಷ್ಟು ಹೊತ್ತು ಓಡಿದ್ದರಿಂದಲೋ? ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಟ್ಯಾಂಕಿನ ಗಾಳಿಕಿಂಡಿ ಮುಚ್ಚಿದ್ದರೆ ಡೀಸೆಲ್ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತಾ ಹೋಗಿ, ಅರ್ಧ ಮುಕ್ಕಾಲು ಗಂಟೆಗೆ ಡೀಸೆಲ್ ಬರುವುದು ನಿಲ್ಲುತ್ತದೆ. ಟ್ಯಾಂಕಿನ ತಳದ ಕಸ ಸಕ್ಷನ್ ಪೈಪಿನ ಬಲೆಗೆ ಅಂಟಿಕೊಂಡರೂ ಅಷ್ಟೇ. ಗಾಡಿ ನಿಲ್ಲಿಸಿದ ಮೇಲೆ ನಿರ್ವಾತ ನಿಧಾನಕ್ಕೆ ಇಳಿಯುತ್ತದೆ, ಕಸ ತಳಕ್ಕೆ ಬೀಳುತ್ತದೆ, ಎಂಜಿನ್ ಸ್ಟಾರ್ಟ್ ಆಗುತ್ತದೆ. ನೋಡುವವರಿಗೆ 'ತಣ್ಣಗಾಯಿತು, ಸರಿಹೋಯಿತು'. ನಿಜದಲ್ಲಿ ಬಿಸಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಿಂತ ಜಾಗದಲ್ಲೇ ನೋಡಬೇಕಾದ್ದು

ಆಫ್ ಆದ ಮೊದಲ ಎರಡು ನಿಮಿಷಗಳಲ್ಲಿ ಸಿಗುವ ಮಾಹಿತಿ ಆಮೇಲೆ ಸಿಗುವುದಿಲ್ಲ. ಆದರೆ ಅದಕ್ಕಿಂತ ಮೊದಲು ಬ್ರೇಕ್. ಈ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪ್ ಸಾಮಾನ್ಯವಾಗಿ ಆಲ್ಟರ್ನೇಟರಿನ ಹಿಂಬದಿಯಲ್ಲೇ ಇರುತ್ತದೆ, ಎಂಜಿನ್ ನಿಂತರೆ ಅದೂ ನಿಂತಂತೆ. ಬೂಸ್ಟರಿನಲ್ಲಿ ಉಳಿದದ್ದು ಎರಡು ಮೂರು ತುಳಿತಕ್ಕೆ ಸಾಕಾದೀತು, ಅಷ್ಟೇ. ಪೆಡಲ್ ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಮುಖ ಏರಿನ ಕಡೆಗಿದ್ದರೆ ಫಸ್ಟ್ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರ್ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಸಂಪಾಜೆ ಅಥವಾ ಮಾಕುಟ್ಟ ಘಾಟಿಯ ತಿರುವಿನಲ್ಲಾದರೆ ತ್ರಿಕೋನವನ್ನು ತಿರುವಿನ ಆಚೆಗೇ ಇಡಬೇಕು, ಗಾಡಿಯ ಬುಡದಲ್ಲಿ ಇಟ್ಟರೆ ಪ್ರಯೋಜನವಿಲ್ಲ.

ಈಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಸ್ಸ್' ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂತೇ? ಮುಚ್ಚಳ ತೆಗೆದಿಟ್ಟುಕೊಂಡೇ, ತಣಿಯಲು ಬಿಡದೆ, ಕೂಡಲೇ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆಗಿ ಸ್ಥಿರವಾಗಿ ಓಡಿದರೆ ತೊಂದರೆ ಬಿಸಿಯದಲ್ಲ, ಗಾಳಿಕಿಂಡಿಯದು. ಕಿಂಡಿ ಕೆಲವು ಗಾಡಿಗಳಲ್ಲಿ ಮುಚ್ಚಳದಲ್ಲೇ ಇರುತ್ತದೆ, ಕೆಲವದರಲ್ಲಿ ಟ್ಯಾಂಕಿನ ಮೇಲಿನಿಂದ ಹೊರಟ ಸಣ್ಣ ಹೋಸಿನಲ್ಲಿ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯ ಆ ಹೋಸಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದು ಅಪರೂಪವೇನಲ್ಲ. ತಂತಿ ತೂರಿಸಿ, ಹೊರಗಿನಿಂದ ಗಾಳಿ ಊದಿ ಬಿಡಿಸಿ. ಬೇರೆ ಗಾಡಿಯ ಮುಚ್ಚಳ ತಂದು ಹಾಕಿದ್ದರೆ ಅದರಲ್ಲಿ ಕಿಂಡಿ ಇದೆಯೇ ಎಂದೂ ನೋಡಿ.

ಇಷ್ಟಕ್ಕೂ ಸ್ಟಾರ್ಟ್ ಆಗದಿದ್ದರೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ. ಒಂದು ಸಲಕ್ಕೆ 10ರಿಂದ 15 ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. ಹೊಗೆಯೇ ಬಾರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ: ಸೆಲ್ಫ್ ನಿಧಾನ, ಕಂಪ್ರೆಷನ್ ಕಮ್ಮಿ, ಡೀಸೆಲಿನಲ್ಲಿ ನೀರು ಅಥವಾ ಟೈಮಿಂಗ್. ಓಡುವಾಗ ಕಪ್ಪು ಹೊಗೆ ಉಗುಳುತ್ತಾ ನಿಂತಿದ್ದರೆ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿದೆಯೇ, ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಹೋಸಿನ ಒಳಪದರ ಬಿಟ್ಟು ಬಿಸಿಗೆ ಒಳಕ್ಕೆ ಕುಸಿಯುತ್ತಿದೆಯೇ ನೋಡಿ.

ಹೇಗೆ ನಿಂತಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೀ ತಿರುಗಿಸಿದಂತೆ ಫಟ್ಟನೆ ಆಫ್ ಆದರೆ ಕರೆಂಟಿನ ಕಡೆ ಹುಡುಕಿ. ಜರ್ಕ್ ಹೊಡೆದು, ಎಳೆತ ಕಳೆದುಕೊಂಡು, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿ ನಿಂತರೆ ಡೀಸೆಲ್ ಸಾಲುತ್ತಿಲ್ಲ. ಓಡುವಾಗ ಸರಿಯಿದ್ದು, ಕಾಲು ತೆಗೆದು ಗೇರ್ ನ್ಯೂಟ್ರಲ್ ಮಾಡಿದ ಕೂಡಲೇ ನಿಂತರೆ ಐಡ್ಲಿಂಗ್ ತೀರಾ ಕೆಳಗಿದೆ ಅಥವಾ ಪಂಪ್ ಸವೆದಿದೆ.

ಟೆಂಪರೇಚರ್ ಮುಳ್ಳು ನಿಜವಾಗಿ ಮೇಲಕ್ಕೆ ಹೋಗಿದ್ದರೆ ಈ ಲೇಖನ ಬದಿಗಿಟ್ಟು ರೇಡಿಯೇಟರ್, ಬೆಲ್ಟ್, ಥರ್ಮೋಸ್ಟಾಟ್ ನೋಡಿ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬೇಡಿ.

ಫಟ್ಟನೆ ಆಫ್ ಆಗುವುದು: ಸಾಲನಾಯ್ಡ್

ರೋಟರಿ ಪಂಪ್, ಅಂದರೆ ತಿರುಗುವ ಒಂದೇ ಹೆಡ್ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವ ಪಂಪ್ ಇರುವ ಗಾಡಿಗಳಲ್ಲಿ ಪಂಪಿನ ಹಿಂತಲೆಯ ಮೇಲೆ ಒಂದೇ ವೈರ್ ಇರುವ ಸ್ಟಾಪ್ ಸಾಲನಾಯ್ಡ್ ಇರುತ್ತದೆ. 12 ವೋಲ್ಟ್ ಸಿಕ್ಕುವ ತನಕ ಡೀಸೆಲ್ ದಾರಿ ತೆರೆದಿರುತ್ತದೆ, ಕರೆಂಟ್ ತಪ್ಪಿದರೆ ಒಳಗಿನ ಸ್ಪ್ರಿಂಗ್ ಮುಚ್ಚಿಬಿಡುತ್ತದೆ. ಇದರ ಕಾಯಿಲ್ ಹಳೆಯದಾದರೆ ತಣ್ಣಗಿರುವಾಗ ಸರಿಯಿದ್ದು ಬಿಸಿಗೆ ಒಳಗೇ ಕಟ್ ಆಗುತ್ತದೆ. ಇದು ನಿಜವಾದ ಬಿಸಿ ಕಾಯಿಲೆ.

ಪರೀಕ್ಷೆ ಸುಲಭ. ಗಾಡಿ ನಿಂತ ಕೂಡಲೇ ಕೀ ಆನ್ ಇಟ್ಟು ಸಾಲನಾಯ್ಡಿನ ವೈರ್ ಕಿತ್ತು ಮತ್ತೆ ತಾಗಿಸಿ. 'ಟಿಕ್' ಎಂದರೆ ಕೆಲಸ ಮಾಡುತ್ತಿದೆ. ಸದ್ದಿಲ್ಲದಿದ್ದರೆ ಆ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್ ಜೋರಾಗಿ ಉರಿದರೆ ಕರೆಂಟ್ ಬರುತ್ತಿದೆ, ಸಾಲನಾಯ್ಡ್ ಸತ್ತಿದೆ. ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ಸಾಲನಾಯ್ಡನ್ನು ದೂರಬೇಡಿ. ಹಿಂದಕ್ಕೆ ಹೋಗಿ ಫ್ಯೂಸ್, ಕಪ್ಲರ್, ಇಗ್ನಿಷನ್ ಸ್ವಿಚ್ ನೋಡಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯಲ್ಲೂ ಸಾಲನಾಯ್ಡ್ ವೈರಿನಲ್ಲೂ ಅಳೆಯಿರಿ, ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಮ್ಮ ಕಡೆಯ ತೇವಕ್ಕೆ ಕಪ್ಲರಿನ ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಜೋಡಣೆ ಕರೆಂಟ್ ಹರಿದಂತೆ ಬಿಸಿಯೇರಿ ಇನ್ನಷ್ಟು ತಡೆಯುತ್ತದೆ, ಆದ್ದರಿಂದ ಇದೂ ಅರ್ಧ ಗಂಟೆ ಓಡಿದ ಮೇಲೆಯೇ ಕೈಕೊಡುತ್ತದೆ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಬಿಚ್ಚಿ, ಉಜ್ಜುಕಾಗದದಲ್ಲಿ ತಿಕ್ಕಿ ಕೂರಿಸಿ.

ಮನೆ ಸೇರಲು ತಾತ್ಕಾಲಿಕ ಉಪಾಯ: ಸ್ವಿಚ್ ಕಡೆಯ ತೊಂದರೆಯಾದರೆ ಬ್ಯಾಟರಿ ಪ್ಲಸ್‌ನಿಂದ 10 ಆಂಪಿಯರ್ ಫ್ಯೂಸ್ ಹಾಕಿದ ಒಂದು ವೈರನ್ನು ನೇರ ಸಾಲನಾಯ್ಡಿಗೆ ಕೊಡಿ. ಆಗ ಕೀ ತಿರುಗಿಸಿದರೆ ಎಂಜಿನ್ ನಿಲ್ಲುವುದಿಲ್ಲ, ವೈರ್ ಕಿತ್ತೇ ನಿಲ್ಲಿಸಬೇಕು ಎಂಬುದನ್ನು ಗಾಡಿ ಓಡಿಸುವವರಿಗೆಲ್ಲ ಹೇಳಿಡಿ.

ಸಾಲುಪಂಪ್, ಅಂದರೆ ಇನ್‌ಲೈನ್ ಪಂಪ್ ಇರುವ ಹಳೇ ಗಾಡಿಗಳಲ್ಲಿ ಎಳೆದು ನಿಲ್ಲಿಸುವ ಸ್ಟಾಪ್ ಕೇಬಲ್ ಇರುತ್ತದೆ. ಅದರ ವಾಪಸ್ ಸ್ಪ್ರಿಂಗ್ ಸಡಿಲವಾಗಿ ಲಿವರ್ ಅರ್ಧಕ್ಕೆ ನಿಂತರೆ, ಕುಲುಕಾಟಕ್ಕೆ ಸ್ಟಾಪ್ ಕಡೆಗೇ ಜಾರುತ್ತದೆ. ಕೈಯಲ್ಲಿ ಲಿವರ್ ಎಳೆದು ಬಿಟ್ಟು ನೋಡಿ, ತಾನಾಗಿ ಪೂರ್ತಿ ಹಿಂದಕ್ಕೆ ಹೋಗಬೇಕು.

ಸೊರಗಿ ನಿಲ್ಲುವುದು: ಕಸ, ನೀರು, ಏರ್

ಹತ್ತು ಗಾಡಿಗಳಲ್ಲಿ ಹೆಚ್ಚಿನವು ಈ ಗುಂಪಿಗೇ ಸೇರುತ್ತವೆ, ಕೊಡಗಿನಲ್ಲಂತೂ ಇದಕ್ಕೆ ಕಾರಣವಿದೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿಗೆ ಹೂ ಬರಿಸಲು ಸ್ಪ್ರಿಂಕ್ಲರ್ ಓಡಿಸುವ ಪಂಪ್‌ಸೆಟ್ಟಿಗೆಂದು ತೋಟದಲ್ಲಿ ಬ್ಯಾರಲ್‌ಗಟ್ಟಲೆ ಡೀಸೆಲ್ ತಂದಿಡುತ್ತಾರೆ. ಉಳಿದದ್ದು ಪಿಕಪ್ಪಿಗೆ ಬೀಳುತ್ತದೆ. ನಿಲ್ಲಿಸಿಟ್ಟ ಬ್ಯಾರಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಹಿಗ್ಗಿ ರಾತ್ರಿ ತಣಿಯುವ ಬ್ಯಾರಲ್ ಆ ನೀರನ್ನು ಬಿರಡೆಯ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ನೀರು ತಳದಲ್ಲಿ ನಿಂತರೆ ತುಕ್ಕು, ಜೊತೆಗೆ ಡೀಸೆಲ್–ನೀರಿನ ನಡುವೆ ಬೆಳೆಯುವ ಕಪ್ಪು ಲೋಳೆ. ಬ್ಯಾರಲನ್ನು ಸೂರಿನಡಿ ಮಲಗಿಸಿ, ಎರಡೂ ಬಿರಡೆಗಳು ಅಡ್ಡ ಸಾಲಿನಲ್ಲಿ ಡೀಸೆಲಿನ ಮಟ್ಟಕ್ಕಿಂತ ಕೆಳಗೆ ಇರುವಂತೆ ಇಡಿ. ತೆಗೆಯುವಾಗ ಹಿಂದಿನ ದಿನವೇ ನಿಲ್ಲಿಸಿ, ತಳದ ನಾಲ್ಕು ಇಂಚು ಬಿಟ್ಟು ಮೇಲಿನದನ್ನು ಮಾತ್ರ ಎಳೆಯಿರಿ.

ಗಾಡಿಯಲ್ಲಿ ಮೊದಲ ಕೆಲಸ: ಡೀಸೆಲ್ ಫಿಲ್ಟರಿನ ತಳದ ಡ್ರೇನ್ ಸಡಿಲಿಸಿ ಸುಮಾರು 200 ಮಿಲಿ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ, ಕಾಲು ಗಂಟೆ ಬಿಡಿ. ನೀರಿದ್ದರೆ ತಳದಲ್ಲಿ ಗೆರೆ ಕೊರೆದಂತೆ ಬೇರೆ ನಿಲ್ಲುತ್ತದೆ. ಕಪ್ಪು ಲೋಳೆ ಕಂಡರೆ ಬರೀ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕ್ ಇಳಿಸಿ ತೊಳೆಯಬೇಕು, ಇಲ್ಲವಾದರೆ ಹೊಸ ಫಿಲ್ಟರ್ ಒಂದೇ ವಾರಕ್ಕೆ ಕಟ್ಟುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಡೀಸೆಲ್ ಪಂಪಿಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್. ಅದರ ಬುಡದಲ್ಲಿ ಸಣ್ಣ ಬಟ್ಟಲು, ಒಳಗೆ ಬಲೆ ಇರುವ ಮಾದರಿಯಾದರೆ ಅದನ್ನು ಮರೆಯಬೇಡಿ. ದೊಡ್ಡ ಫಿಲ್ಟರ್ ಎರಡು ಸಲ ಬದಲಿಸಿದವರೂ ಈ ಬಲೆಯನ್ನು ನೋಡಿರುವುದಿಲ್ಲ. ಬಿಚ್ಚಿ ಶುದ್ಧ ಡೀಸೆಲಿನಲ್ಲಿ ಬ್ರಷ್‌ನಿಂದ ತೊಳೆದು, ವಾಷರ್ ಹೊಸದು ಹಾಕಿ.

ಏರ್ ಹಿಡಿಯುವುದು ಇನ್ನೂ ಮೋಸದ್ದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಲೈನ್ ಎಳೆಯುವ ಕಡೆಯದು. ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ 'ಎಲ್ಲೂ ಲೀಕ್ ಇಲ್ಲ' ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಬಿಸಿಗೆ ಹಳೇ ರಬ್ಬರ್ ಹೋಸ್ ಮೆತ್ತಗಾಗಿ ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ; ಏರಿನಲ್ಲಿ ಎಳೆತವೂ ಜೋರು. ಮನೆಯಂಗಳದಲ್ಲಿ ಐಡ್ಲಿಂಗ್‌ನಲ್ಲಿ ಗಂಟೆಗಟ್ಟಲೆ ಓಡುವ ಗಾಡಿ ಘಾಟಿಯಲ್ಲಿ ಸಾಯುವುದು ಇದಕ್ಕೇ.

ಏರ್ ಕಣ್ಣಿಗೆ ಕಾಣಬೇಕೆಂದರೆ ಫಿಲ್ಟರಿಗೂ ಡೀಸೆಲ್ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಹೋಸ್ ಹಾಕಿ. ಒಳಗಾತ್ರ ಲೈನಿನಷ್ಟೇ ಇರಲಿ, ಹೆಚ್ಚಿನವಕ್ಕೆ 8 ಮಿಮೀ ಹೊಂದುತ್ತದೆ. ಎರಡೂ ತುದಿಗೆ ಸ್ಕ್ರೂ ಕ್ಲಿಪ್. ಎಂಜಿನ್ ಬಿಸಿಯಾಗುವ ತನಕ ಓಡಿಸಿ ರೇಸ್ ಕೊಡಿ. ಏರ್ ತೆಗೆದ ಮೇಲೂ ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಹಿಂದೆಲ್ಲೋ ಗಾಳಿ ಎಳೆಯುತ್ತಿದೆ. ಈ ಹೋಸ್ ಪರೀಕ್ಷೆಗೆ ಮಾತ್ರ. ಡೀಸೆಲಿಗೆ ಬೇಗ ಗಡುಸಾಗಿ ಸೀಳುತ್ತದೆ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಎಲ್ಲಿಂದ ಎಂದು ಹುಡುಕಲು ಟ್ಯಾಂಕನ್ನೇ ಲೆಕ್ಕದಿಂದ ತೆಗೆಯುವುದು ಜಾಣತನ. 5 ಲೀಟರ್ ಕ್ಯಾನಿನಲ್ಲಿ ಬಂಕಿನ ಶುದ್ಧ ಡೀಸೆಲ್ ತುಂಬಿ, ಫೀಡ್ ಪಂಪಿಗೆ ಬರುವ ಲೈನ್ ಬಿಚ್ಚಿ, ಹೊಸ ಹೋಸಿನಲ್ಲಿ ಕ್ಯಾನಿನಿಂದ ಎಳೆಯುವಂತೆ ಮಾಡಿ. ರಿಟರ್ನ್ ಹೋಸನ್ನೂ ಅದೇ ಕ್ಯಾನಿಗೆ ಬಿಡಿ, ಇಲ್ಲವಾದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ಕ್ಯಾನಿನ ಮುಚ್ಚಳದಲ್ಲಿ ಗಾಳಿಗೆ ತೂತು ಇರಲಿ. ಪಿಕಪ್ಪಾದ್ದರಿಂದ ಕ್ಯಾನನ್ನು ಹಿಂದಿನ ಬಾಡಿಯಲ್ಲಿ ಕ್ಯಾಬಿನ್ನಿಗೆ ಒತ್ತಿ ಹಗ್ಗದಲ್ಲಿ ಬಿಗಿಯಬಹುದು, ಕ್ಯಾಬಿನ್ ಒಳಗೆ ಮಾತ್ರ ಬೇಡ. ಹೋಸ್ ಸೈಲೆನ್ಸರಿಗೂ ಮ್ಯಾನಿಫೋಲ್ಡಿಗೂ ತಾಗದಂತೆ ಕಟ್ಟಿ, ಪ್ರತಿಸಲ ತೊಂದರೆ ಕೊಡುವ ಏರಿನಲ್ಲೇ ಖಾಲಿ ಗಾಡಿ ಓಡಿಸಿ. ನಿಲ್ಲದಿದ್ದರೆ ತಪ್ಪು ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಲ್ಲೋ ಇದೆ. ಆಗಲೂ ನಿಂತರೆ ಟ್ಯಾಂಕ್ ಮುಟ್ಟುವ ಅಗತ್ಯವಿಲ್ಲ, ಮುಂದಕ್ಕೆ ಹೋಗಿ. ಒಂದು ಎಚ್ಚರ: ಬಾಡಿಯಲ್ಲಿಟ್ಟ ಕ್ಯಾನ್ ಎತ್ತರದಲ್ಲಿರುವುದರಿಂದ ಡೀಸೆಲ್ ತನ್ನ ಭಾರಕ್ಕೇ ಇಳಿದು ಬರುತ್ತದೆ, ದುರ್ಬಲ ಫೀಡ್ ಪಂಪ್ ಬಚಾವಾಗಿಬಿಡುತ್ತದೆ. ಅದನ್ನು ಬೇರೆಯಾಗಿ ನೋಡಿ: ಫೀಡ್ ಪಂಪಿನ ಹೊರಹೋಗುವ ಲೈನ್ ಬಿಚ್ಚಿ ಬಾಟಲಿಗೆ ಬಿಟ್ಟು, ಕ್ಯಾನ್ ನೆಲದ ಮೇಲಿಟ್ಟು 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಡೀಸೆಲ್ ಲಯವಾಗಿ ಚಿಮ್ಮಬೇಕು. ಒಸರಿದರೆ ಫೀಡ್ ಪಂಪಿನ ವಾಲ್ವ್ ಅಥವಾ ಪಿಸ್ಟನ್ ಸವೆದಿದೆ, ರಿಪೇರಿ ಕಿಟ್ ಸಿಗುತ್ತದೆ.

ಟ್ಯಾಂಕಿನ ಕಡೆಯೇ ತಪ್ಪು ಎಂದಾದರೆ ಅನುಮಾನದ ಜಾಗಗಳು ಇವು. ಹ್ಯಾಂಡ್ ಪ್ರೈಮರಿನ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಪುಟ್ಟ ಪಂಪಿನ) ಗುಂಡಿ ಪೂರ್ತಿ ತಿರುಗಿಸಿ ಕೂರಿಸಿಲ್ಲ. ಬ್ಯಾಂಜೋ ಬೋಲ್ಟಿನ (ಒಳಗಿನ ತೂತಿನಲ್ಲಿ ಡೀಸೆಲ್ ಹಾಯುವ ಪೈಪ್ ಜೋಡಣೆಯ ಬೋಲ್ಟ್) ತಾಮ್ರದ ವಾಷರ್ ಹಳೆಯದನ್ನೇ ಹಾಕಿದ್ದಾರೆ. (ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಬಹುದು.) ಚಾಸಿಯ ಕ್ಲಾಂಪಿನಡಿ ಲೋಹದ ಪೈಪ್ ತುಕ್ಕು ತಿಂದಿದೆ. ಕೊನೆಯದು, ಟ್ಯಾಂಕಿನೊಳಗಿನ ಸಕ್ಷನ್ ಪೈಪಿನಲ್ಲೇ ಮೇಲ್ಭಾಗದಲ್ಲಿ ತೂತು. ಇದರ ಗುರುತು ಖಚಿತ: ಟ್ಯಾಂಕ್ ತುಂಬಿದ್ದಾಗ ಗಾಡಿ ಬಂಗಾರ, ಅರ್ಧಕ್ಕಿಳಿದರೆ ಕಾಟ. ಹೋಸ್ ಬದಲಿಸುವಾಗ ಡೀಸೆಲಿಗೆಂದೇ ಬರುವುದನ್ನು ಹಾಕಿ, ತೋಟದ ನೀರಿನ ಪೈಪ್ ಬೇಡ.

ಏರ್ ತೆಗೆಯುವ ಕ್ರಮ: ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಒತ್ತಿ ಹಿಡಿದೇ ಬಿಗಿಯಿರಿ. ಆಮೇಲೆ ಡೀಸೆಲ್ ಪಂಪಿನ ಬ್ಲೀಡ್ ಸ್ಕ್ರೂವಿಗೂ ಹಾಗೆಯೇ. ಸ್ಟಾರ್ಟ್ ಆಗದಿದ್ದರೆ ನಾಝಲ್‌ಗಳ ಪೈಪ್ ನಟ್ಟುಗಳನ್ನು ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆಯಿರಿ, ಡೀಸೆಲ್ ಬಂದ ಮೇಲೆ ಒಂದೊಂದಾಗಿ ಬಿಗಿಯಿರಿ. ಇದು ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಸಿಆರ್‌ಡಿಐ (ಕಂಪ್ಯೂಟರ್ ನಿಯಂತ್ರಣದ ಹೊಸ ಡೀಸೆಲ್) ಎಂಜಿನ್ನಿನ ಹೈಪ್ರೆಷರ್ ಪೈಪನ್ನು ಎಂಜಿನ್ ತಿರುಗುವಾಗ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಆ ಗಾಡಿ ಬಿಸಿಗೆ ಆಫ್ ಆದರೆ ಕ್ರ್ಯಾಂಕ್ ಸೆನ್ಸರ್ ಮೊದಲ ಅನುಮಾನ, ಸ್ಕ್ಯಾನರ್ ಹಾಕಿಸಿ.

ಪಂಪಿನ ಸರದಿ

ಇಲ್ಲಿಯವರೆಗಿನದ್ದೆಲ್ಲ ಸರಿಯಿದ್ದರೆ ಪಂಪನ್ನು ಅನುಮಾನಿಸಬಹುದು. ಸಾಲುಪಂಪಿನಲ್ಲಿ ಮೊದಲು ಓವರ್‌ಫ್ಲೋ ವಾಲ್ವ್ ನೋಡಿ. ರಿಟರ್ನ್ ಲೈನ್ ಹೊರಡುವ ಕಡೆ ಇರುವ ಸಣ್ಣ ಬೋಲ್ಟಿನಂಥದ್ದು, ಒಳಗೆ ಸ್ಪ್ರಿಂಗ್ ಮತ್ತು ಗುಂಡು. ಪಂಪಿನೊಳಗೆ ಡೀಸೆಲ್ ತುಂಬಿರುವ ಗ್ಯಾಲರಿಯಲ್ಲಿ ಸುಮಾರು 1ರಿಂದ 1.5 ಬಾರ್ ಒತ್ತಡ ಉಳಿಸುವುದು ಅದರ ಕೆಲಸ. ಸ್ಪ್ರಿಂಗ್ ಸೋತರೆ ಡೀಸೆಲ್ ಸುಮ್ಮನೆ ಟ್ಯಾಂಕಿಗೆ ವಾಪಸಾಗುತ್ತದೆ, ತೆಳುವಾದ ಬಿಸಿ ಡೀಸೆಲ್ ಇನ್ನೂ ಬೇಗ. ಅಗ್ಗದ ಭಾಗ. ಕೆಲವರು ಅದರ ಜಾಗಕ್ಕೆ ಸಾದಾ ಬ್ಯಾಂಜೋ ಬೋಲ್ಟ್ ಹಾಕಿ ಮರೆತಿರುವುದೂ ಉಂಟು.

ರೋಟರಿ ಪಂಪಿನ ಹೆಡ್ ಸವೆದರೆ ಲಕ್ಷಣ ಹೀಗೆ: ಬಿಸಿ ಇರುವಾಗ ಸೆಲ್ಫಿಗೆ ಹೊಗೆಯೇ ಇಲ್ಲ, ತಳ್ಳಿದರೆ ಸ್ಟಾರ್ಟ್, ಐಡ್ಲಿಂಗ್‌ನಲ್ಲಿ ನಿಲ್ಲುತ್ತದೆ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲೇ ಸೋರಿಹೋಗಿ, ಸೆಲ್ಫಿನ ನಿಧಾನ ತಿರುಗುವಿಕೆಗೆ ನಾಝಲ್ ತೆರೆಯುವಷ್ಟು ಒತ್ತಡ ಕಟ್ಟುವುದಿಲ್ಲ. ಖಚಿತಪಡಿಸಲು ಎಂಜಿನ್ ಆಫ್ ಇರುವಾಗ ಹಿಂಡಿದ ಒದ್ದೆ ಗೋಣಿಚೀಲವನ್ನು ಪಂಪಿಗೆ ಸುತ್ತಿ ಹತ್ತು ನಿಮಿಷ ಬಿಡಿ. ಎಂಜಿನ್ ಬಿಸಿಯಾಗಿಯೇ ಇದ್ದು, ಪಂಪ್ ತಣಿದದ್ದಕ್ಕೇ ಸ್ಟಾರ್ಟ್ ಆದರೆ ತಪ್ಪು ಪಂಪಿನದೇ. ಬಿಸಿ ಪಂಪಿನ ಮೇಲೆ ಬಕೆಟ್ ನೀರು ಸುರಿಯುವವರಿದ್ದಾರೆ. ಹೊರಮೈ ಒಮ್ಮೆಗೇ ಕುಗ್ಗಿ ಒಳಗಿನ ರೋಟರ್ ಹಿಡಿದುಕೊಂಡರೆ ರಿಪೇರಿಗೆ ಹೋಗಬೇಕಿದ್ದ ಪಂಪ್ ಗುಜರಿಗೆ ಹೋಗುತ್ತದೆ. ಸೆಲ್ಫ್ ಬಿಸಿಗೆ ನಿಧಾನವಾಗುತ್ತಿದ್ದರೆ ಮೊದಲು ಅದರ ಬುಶ್, ಕಾರ್ಬನ್, ಬ್ಯಾಟರಿ ಕೇಬಲ್ ಸರಿ ಮಾಡಿಸಿ. ಅಷ್ಟಕ್ಕೇ ಸ್ವಲ್ಪ ಸವೆದ ಪಂಪ್ ಇನ್ನೊಂದು ಕಾಫಿ ಕೊಯ್ಲು ದಾಟಿಸೀತು.

ಐಡ್ಲಿಂಗ್ ಬಿಸಿಯಲ್ಲಿ 750ರಿಂದ 850 ಆರ್‌ಪಿಎಂ ಸುತ್ತ ಇರಲಿ. ಕಮ್ಮಿಯಿದ್ದರೆ ಐಡ್ಲಿಂಗ್ ಸ್ಕ್ರೂ ಕಾಲು ಕಾಲು ಸುತ್ತಾಗಿ ಏರಿಸಿ. ಸೀಲ್ ಹಾಕಿದ ಸ್ಕ್ರೂ ಮುಟ್ಟಬೇಡಿ, ಅದು ಫುಲ್ ಲೋಡ್ ಡೀಸೆಲಿನದು.

ಪೆಟ್ರೋಲ್ ಜೀಪಿನ ಚಾಸಿಯ ಪಿಕಪ್ ಇಟ್ಟುಕೊಂಡವರಿಗೆ ಎರಡು ಮಾತು. ನಿಂತ ಕೂಡಲೇ ಸ್ಪಾರ್ಕ್ ನೋಡಿ. ಹಳದಿ, ಸಣಕಲು ಕಿಡಿಯಾದರೆ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ. ನೀಲಿ ಕಿಡಿ ಇದ್ದು ಕಾರ್ಬುರೇಟರಿಗೆ ಪೆಟ್ರೋಲ್ ಬಾರದಿದ್ದರೆ ಲೈನಿನಲ್ಲೇ ಪೆಟ್ರೋಲ್ ಕುದಿದು ಆವಿ ಕಟ್ಟಿದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಂಥ ಎತ್ತರದಲ್ಲಿ ಅದು ಇನ್ನೂ ಬೇಗ ಆವಿಯಾಗುತ್ತದೆ, ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಅದಕ್ಕೆ ಸಹಾಯವನ್ನೇ ಮಾಡುತ್ತದೆ. ಪೈಪನ್ನು ಮ್ಯಾನಿಫೋಲ್ಡಿನಿಂದ ಮೂರು ಇಂಚಾದರೂ ದೂರಕ್ಕೆ ಬಗ್ಗಿಸಿ, ಕಾರ್ಬುರೇಟರಿನಡಿಯ ದಪ್ಪ ಇನ್ಸುಲೇಟರ್ ಪ್ಯಾಕಿಂಗ್ ಇದೆಯೇ ನೋಡಿ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎಥನಾಲ್ ತಡೆಯುವಂಥದ್ದು ಹಾಕಿ.

ಡೀಸೆಲ್ ಪಂಪ್ ಬಿಚ್ಚಲೇಬೇಕಾಗಿ ಬಂದರೆ, ಬೋಲ್ಟ್ ಸಡಿಲಿಸುವ ಮೊದಲೇ ಪಂಪಿನ ಫ್ಲಾಂಜ್ ಮತ್ತು ಎಂಜಿನ್ ಎರಡರ ಮೇಲೂ ಹಾಯುವಂತೆ ಉಳಿಯಲ್ಲಿ ಒಂದು ಗೆರೆ ಹಾಕಿ, ಟೈಮಿಂಗ್ ಗುರುತು ಅದೇ. ಬಿಚ್ಚಿದ ಪೈಪಿನ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿ. ಪಂಪ್ ಸರ್ವಿಸ್ ಅಂಗಡಿಯಲ್ಲಿ 'ಕ್ಯಾಲಿಬ್ರೇಷನ್ ಮಾಡಿ' ಎಂದಷ್ಟೇ ಹೇಳಿ ಬರಬೇಡಿ. ಬಿಸಿ ಇರುವಾಗ ಸೆಲ್ಫಿಗೆ ಹೊಗೆ ಬರುವುದಿಲ್ಲ, ತಣಿಸಿದರೆ ಬರುತ್ತದೆ ಎಂದು ಹೇಳಿ, ಟೆಸ್ಟ್ ಬೆಂಚಿನಲ್ಲಿ ಸೆಲ್ಫಿನ ವೇಗಕ್ಕೆ ಎಷ್ಟು ಡೀಸೆಲ್ ಬರುತ್ತದೆ ಎಂಬುದನ್ನು ಅಳೆಯಲು ಹೇಳಿ. ಹಳೇ ಭಾಗಗಳನ್ನು ವಾಪಸ್ ಕೇಳಿ. ಪಂಪ್ ಕೂರಿಸುವಾಗ ತಾಮ್ರದ ವಾಷರ್ ಎಲ್ಲವೂ ಹೊಸದು, ಫಿಲ್ಟರ್ ಹೊಸದು, ಟ್ಯಾಂಕಿಗೆ ಬಂಕಿನ ಡೀಸೆಲ್. ನಾಲ್ಕೈದು ದಿನ ಓಡಿದ ಮೇಲೆ ಪೈಪ್ ನಟ್ಟುಗಳನ್ನೂ ಫ್ಲಾಂಜಿನ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿ ನೋಡಿ.